ಕಲ್ಲನ್ನು ನಂಬಿ ಬಾಳುವ ಮೀನು



ಮಳೆಗಾಲದ ಹಳ್ಳದ ಸೆಳವಿನಲ್ಲಿ ಮನುಷ್ಯನ ಕಾಲು ನಿಲ್ಲದು. ಅಲ್ಲಿಯೇ ಗೇಣುದ್ದವೂ ಇಲ್ಲದ ಮೀನೊಂದು ಬಂಡೆಗೆ ಅಂಟಿಕೊಂಡು ಬದುಕುತ್ತದೆ. ವಿಜ್ಞಾನಿಗಳು ಅದರ ಕುಲಕ್ಕೆ ಗ್ಲಿಪ್ಟೊಥೊರಾಕ್ಸ್, ಅಂದರೆ ‘ಕೆತ್ತಿದ ಎದೆ’, ಎಂಬ ಗ್ರೀಕ್ ಹೆಸರನ್ನಿಟ್ಟಿದ್ದಾರೆ.

ಹೆಸರು ಅನ್ವರ್ಥವಾದುದು. ಈ ಮೀನಿನ ಎದೆಯ ಅಡಿಯಲ್ಲಿ ಚರ್ಮವು ಸಾಲುಸಾಲಾಗಿ ಮಡಿಕೆಗೊಂಡಿದೆ. ಆ ಮಡಿಕೆಗಳನ್ನು ಕಲ್ಲಿಗೊತ್ತಿ ಅದು ಪ್ರವಾಹಕ್ಕೆ ಎದುರಾಗಿ ನಿಲ್ಲುತ್ತದೆ. ಮೈಮೇಲೆ ಚಿಪ್ಪಿಲ್ಲ, ಬಾಯಿಯ ಸುತ್ತ ಮೀಸೆಗಳಿವೆ, ಬೆನ್ನಿನ ಮತ್ತು ಎದೆಯ ಈಜುರೆಕ್ಕೆಗಳಲ್ಲಿ ಗಡುಸಾದ ಮುಳ್ಳುಗಳಿವೆ. ಇತರ ಮೀನುಗಳನ್ನು ತೇಲಿಸುವ ಗಾಳಿಚೀಲವು ಇದರಲ್ಲಿ ಕುಗ್ಗಿ ಎಲುಬಿನ ಗೂಡಿನೊಳಗೆ ಅಡಗಿದೆ. ಇದರ ಆಹಾರವಾದ ನೀರುಹುಳುಗಳ ಮರಿಗಳೂ ಕಲ್ಲುಗಳ ಸಂದಿನಲ್ಲಿಯೇ ಇರುತ್ತವೆ.

ಈ ಕುಲದ ಮೀನುಗಳು ಹಿಮಾಲಯದ ತಂಪು ತೊರೆಗಳಲ್ಲಿಯೂ ಇವೆ, ಪಶ್ಚಿಮಘಟ್ಟದಲ್ಲಿಯೂ ಇವೆ. ಇಂಥ ಮೀನುಗಳು ಸಾತ್ಪುರ ಬೆಟ್ಟಸಾಲಿನ ಮಾರ್ಗವಾಗಿ ದಕ್ಷಿಣಕ್ಕೆ ಬಂದಿರಬೇಕೆಂದು ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1940ರ ದಶಕದಲ್ಲಿ ವಾದಿಸಿದರು. ಆ ವಾದವನ್ನು ಅನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ, ಚರ್ಚೆ ಮುಗಿದಿಲ್ಲ. ನಮ್ಮ ತುಂಗೆಯಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೀಮೆಯಲ್ಲಿ ದೊರೆತ ಒಂದು ಪ್ರಭೇದಕ್ಕೆ 2007ರಲ್ಲಷ್ಟೇ ಗ್ಲಿಪ್ಟೊಥೊರಾಕ್ಸ್ ಕುದುರೆಮುಖೆನ್ಸಿಸ್ ಎಂದು ನಾಮಕರಣವಾಯಿತು. ತಲೆಮಾರುಗಳಿಂದ ನೀರು ಕುಡಿದ ಹೊಳೆಯಲ್ಲಿಯೇ ಹೆಸರಿಲ್ಲದ ಜೀವವೊಂದಿತ್ತು.

ಈ ಮೀನಿಗೆ ಶತ್ರು ಪ್ರವಾಹವಲ್ಲ, ಹೂಳು. ಕಲ್ಲಿನ ಮೇಲೆ ಮಣ್ಣು ಕುಳಿತರೆ ಎದೆಯ ಮಡಿಕೆಗಳಿಗೆ ಹಿಡಿತ ಸಿಗದು. ಸಂದುಗಳು ಮುಚ್ಚಿದರೆ ಹುಳುಗಳೂ ಉಳಿಯವು. ಕುದುರೆಮುಖದ ಅದಿರು ಗಣಿಯಿಂದ ಭದ್ರೆಗೆ ಹರಿದ ಕೆಂಪು ಹೂಳನ್ನು ಮಲೆನಾಡು ಕಣ್ಣಾರೆ ಕಂಡಿದೆ. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ ಅಲ್ಲಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಹೂಳಿಗೆ ಗಣಿಯೇ ಬೇಕೆಂದಿಲ್ಲ. ಗುಡ್ಡ ಕಡಿದು ಮಣ್ಣನ್ನು ಹಳ್ಳಕ್ಕೆ ನೂಕುವ ರಸ್ತೆ, ದಡದ ಕಾಡನ್ನು ಸವರಿದ ತೋಟ, ಮರಳು ತೆಗೆಯಲು ಇಳಿದ ಜೆಸಿಬಿ, ಇಷ್ಟೇ ಸಾಕು. ತೋಟೆ ಸಿಡಿಸಿ, ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಕಾಯಿದೆಯೇ ಅಪರಾಧವೆಂದು ಸಾರಿತ್ತು. ಹಳ್ಳದ ದಡದಲ್ಲಿ ಆ ಕಾಯಿದೆಯನ್ನು ನೆನಪಿಸಬೇಕಾದವರು ಊರವರೇ.

ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಊರ ಹಳ್ಳದ ಒಂದು ಕಲ್ಲನ್ನೆತ್ತಿ ಅಡಿಭಾಗವನ್ನು ನೋಡಲಿ. ಹುಳುಗಳು ಹರಿದಾಡುತ್ತಿದ್ದರೆ ಹಳ್ಳ ಇನ್ನೂ ಜೀವಂತವಾಗಿದೆ. ಬರಿಯ ಕೆಸರಿದ್ದರೆ, ಆ ಮಣ್ಣು ಎಲ್ಲಿಂದ ಬಂತೆಂದು ಮೇಲಕ್ಕೆ ನಡೆದು ಹುಡುಕಿ, ಗ್ರಾಮಸಭೆಯ ಮುಂದಿಡಲಿ. ಕಲ್ಲನ್ನು ಮಾತ್ರ ಇದ್ದಲ್ಲಿಯೇ, ಇದ್ದಂತೆಯೇ ಮರಳಿ ಇಡಬೇಕು. ಅದು ಒಂದು ಜೀವದ ಮನೆ.