ದೇವರನ್ನು ವಿಚಾರಣೆಗೆ ಗುರಿಪಡಿಸಲು ನಾವೆಷ್ಟರವರು?



ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಪುಣ್ಯಕಾಲದಲ್ಲಿ ಸರ್ವೇಶ್ವರನಿಗೆ ಕೃತಜ್ಞತೆ ಸಲ್ಲಿಸಲು ನಾವು ನೆರೆದಿದ್ದೇವೆ. ಆದರೆ ಕೃತಜ್ಞತೆಯ ಮಾತು ಸುಲಭವಾಗಿ ಬಾಯಿಗೆ ಬಾರದ ಮನೆಗಳೂ ನಮ್ಮ ವಾಳೆಗಳಲ್ಲಿ ಇವೆ. ಎಳೆಯ ಮಗುವನ್ನು ಮಣ್ಣಿಗೊಪ್ಪಿಸಿದ ತಾಯಿ, ದುಡಿಯುವ ಮಗನನ್ನು ಕಳೆದುಕೊಂಡ ವೃದ್ಧ ತಂದೆ, ದೇವರು ಮಾಡಿದ್ದು ನ್ಯಾಯವೇ ಎಂದು ಕೇಳುತ್ತಾರೆ. ಅವರನ್ನು ಗದರಿಸಿ ಸುಮ್ಮನಾಗಿಸುವುದು ಧರ್ಮವಲ್ಲ.

1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಹರಿದು ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು, ಬೆಳ್ತಂಗಡಿ ತಾಲೂಕಿನ ಎಷ್ಟೋ ಕುಟುಂಬಗಳ ಮನೆ, ತೋಟಗಳು ನೆರೆಯ ಪಾಲಾದವು. ಸಜ್ಜನನ ಮನೆ ಯಾವುದು, ದುರ್ಜನನ ಮನೆ ಯಾವುದು ಎಂದು ನೀರು ವಿಚಾರಿಸಲಿಲ್ಲ. ಇಂತಹ ಸಮಯದಲ್ಲಿ ಒಬ್ಬನು ದೇವರು ಅನ್ಯಾಯಗಾರನೆನ್ನುತ್ತಾನೆ. ಮತ್ತೊಬ್ಬನು ಇದು ಅವರ ಪಾಪಕ್ಕೆ ತಕ್ಕ ಶಿಕ್ಷೆಯೆನ್ನುತ್ತಾನೆ. ಮೊದಲನೆಯವನು ದೇವರಿಗೆ ತೀರ್ಪು ಕೊಟ್ಟನು; ಎರಡನೆಯವನು ದೇವರ ಪರವಾಗಿ ತಾನೇ ತೀರ್ಪು ಬರೆದನು. ಇಬ್ಬರೂ ಕುಳಿತದ್ದು ತಮ್ಮದಲ್ಲದ ಪೀಠದಲ್ಲಿಯೇ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಇತರರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಯೇಸುಸ್ವಾಮಿಯು ತಳ್ಳಿಹಾಕಿದರೆಂದು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ.

ನಮ್ಮ ಪೂರ್ವಜರ ಚರಿತ್ರೆಯನ್ನೇ ನೋಡೋಣ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರು ಸೆರೆಯಾಗಿ, ಘಟ್ಟವನ್ನೇರಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿಯು ಮಾತ್ರ ಜೈನ ಧರ್ಮೀಯರಾದ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ಚರಿತ್ರಕಾರರು ಹೇಳುತ್ತಾರೆ. ಹಾಗಾದರೆ ದೇವರು ಹೊಸಬೆಟ್ಟಿನವರನ್ನು ಪ್ರೀತಿಸಿ, ಉಳಿದವರನ್ನು ಕೈಬಿಟ್ಟನೇ? ಹಾಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಬದುಕುಳಿದವರು ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಆ ಸಂತೋಷದಿಂದ ಸತ್ತವರ ಲೆಕ್ಕ ತೀರಿತೆಂದು ಹೇಳುವಂತಿಲ್ಲ. ಆ ಲೆಕ್ಕವು ನಮ್ಮ ಕೈಯಲ್ಲಿಲ್ಲ, ದೇವರ ಕೈಯಲ್ಲಿದೆ.

ನ್ಯಾಯಾಧೀಶನಾದವನು ಮೊಕದ್ದಮೆಯ ಕಡತವನ್ನು ಆದ್ಯಂತ ಓದಿರಬೇಕು. ನಾವು ಓದಿರುವುದು ನಡುವಿನ ಒಂದು ಹಾಳೆ ಮಾತ್ರ. ಯೋಬನಿಗೆ ದೇವರು ಬಿರುಗಾಳಿಯೊಳಗಿಂದ ನೆನಪಿಸಿದ್ದು ಇದನ್ನೇ: ಭೂಮಿಗೆ ಅಸ್ತಿವಾರ ಹಾಕಿದಾಗ ಅವನು ಅಲ್ಲಿರಲಿಲ್ಲ. ಆದರೂ ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಯೋಬನ ಮಿತ್ರರು. ಅವರು ದೇವರ ವಕೀಲರಂತೆ ವಾದಿಸಿ, ನೊಂದವನನ್ನೇ ಅಪರಾಧಿಯನ್ನಾಗಿ ಮಾಡಿದ್ದರು. ಯೋಬನೋ ಅತ್ತನು, ಕೂಗಿದನು, ಪ್ರಶ್ನಿಸಿದನು. ದೇವರ ಸನ್ನಿಧಿಯನ್ನು ಮಾತ್ರ ಬಿಟ್ಟು ಹೋಗಲಿಲ್ಲ. ದೇವರ ಮುಂದೆ ಗೋಳಿಡುವುದು ಪ್ರಾರ್ಥನೆ. ಅವನ ಮೇಲೆ ತೀರ್ಪು ಬರೆಯುವುದು ಅಹಂಕಾರ. ಯೇಸುಸ್ವಾಮಿಯೂ ಶಿಲುಬೆಯ ಮೇಲಿಂದ ತಂದೆಗೆ ಮೊರೆಯಿಟ್ಟರು. ಬಳಿಕ ತಮ್ಮ ಆತ್ಮವನ್ನು ಆ ತಂದೆಯ ಕೈಗೇ ಒಪ್ಪಿಸಿದರು.

ಮನುಷ್ಯನು ದೇವರನ್ನು ನಿಜವಾಗಿಯೇ ವಿಚಾರಣೆಗೆ ನಿಲ್ಲಿಸಿದ್ದುಂಟು. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಪಿಲಾತನ ಹೆಸರನ್ನು ಉಚ್ಚರಿಸುವಾಗ ಅದನ್ನು ನಾವು ನೆನೆಯುತ್ತೇವೆ. ಪೀಠದಲ್ಲಿ ಮನುಷ್ಯನು, ಆರೋಪಿಯ ಸ್ಥಾನದಲ್ಲಿ ದೇವಕುಮಾರನು! ತಪ್ಪು ಕಾಣೆನೆಂದು ಹೇಳಿದ ಬಾಯಿಯೇ ಮರಣದಂಡನೆ ವಿಧಿಸಿತು. ಮನುಷ್ಯನ ನ್ಯಾಯದ ಅಳತೆ ಅಂದೇ ತಿಳಿಯಿತು. ದೇವರೋ ಆ ಸ್ಥಾನದಿಂದ ಕದಲದೆ, ಅನ್ಯಾಯಕ್ಕೊಳಗಾದವರ ಪಕ್ಕದಲ್ಲಿಯೇ ನಿಂತರು. ನೊಂದವರಿಗೆ ನಾವು ತೋರಿಸಬಹುದಾದ ಉತ್ತರ ಇದೊಂದೇ.

ಆದುದರಿಂದ, ಬಾಂಧವರೇ, ಸಾವಿನ ಮನೆಗೆ ಹೋದಾಗ ದೇವರ ಇಂಗಿತವನ್ನು ಬಲ್ಲವರಂತೆ ಮಾತನಾಡದಿರೋಣ. ಅಳುವವರೊಡನೆ ಕುಳಿತು ಜಪಸರ ಹೇಳೋಣ; ಒಲೆ ಹೊತ್ತಿಸಿ ಗಂಜಿ ಬೇಯಿಸೋಣ; ತೋಟದ ಕೆಲಸಕ್ಕೆ ಕೈಗೂಡಿಸೋಣ. ತೀರ್ಪನ್ನು ದೇವರಿಗೆ ಬಿಟ್ಟು, ಪ್ರೀತಿಯ ಕಾರ್ಯವನ್ನು ನಮ್ಮ ಪಾಲಿಗೆ ಇಟ್ಟುಕೊಳ್ಳೋಣ. ದಯಾಮಯನಾದ ದೇವರು ನಿಮ್ಮೆಲ್ಲರನ್ನೂ ಹರಸಲಿ.