ಮೊಡವೆಯೂ ಬೆಳ್ಳಿತೆರೆಯೂ

(ಬಾನುಲಿ ಭಾಷಣ)

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಅನುಕೂಲವುಂಟು. ಅವನ ಮುಖ ಕೇಳುಗರಿಗೆ ಕಾಣುವುದಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಂದಿನಿಂದ ನಮ್ಮ ನಾಡಿನಲ್ಲಿ ಮುಖದ ಹಂಗಿಲ್ಲದೆ ಮಾತಾಡುವ ಒಂದು ಎಡೆ ಉಳಿದುಬಂದಿದೆ. ಜನ್ನ ಕವಿ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಅಮೃತಮತಿಯ ಪ್ರಸಂಗ ನೆನಪಿರಬಹುದು. ಆಕೆ ಇರುಳಿನಲ್ಲಿ ಮಾವಟಿಗನ ಹಾಡನ್ನು ಕೇಳಿ ಮನಸೋಲುತ್ತಾಳೆ. ಮುಖವನ್ನು ಕಂಡು ಅಲ್ಲ. ಅವನನ್ನು ನೋಡಿ ಬಂದ ಗೆಳತಿ ಅವನ ಅಂಗಾಂಗಗಳ ವಿಕಾರವನ್ನು ಹೇಸುತ್ತ ಬಣ್ಣಿಸಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಇದು ಪ್ರೇಮದ ಹಿರಿಮೆಯೆಂದು ಕವಿ ಹೇಳಿಲ್ಲ. ಅವನ ದೃಷ್ಟಿಯಲ್ಲಿ ಇದು ಪತನದ ಕಥೆ. ಕುರೂಪವನ್ನು ಪಾಪದ ಪಕ್ಕದಲ್ಲಿ ನಿಲ್ಲಿಸುವ ಪದ್ಧತಿ ಸಿನಿಮಾಕ್ಕಿಂತ ಬಹಳ ಹಳೆಯದು ಎಂಬುದಕ್ಕಾಗಿ ಈ ಮಾತನ್ನು ಮೊದಲಿಗೇ ಎತ್ತಿದೆ.

ನಾನು ಮಾತನಾಡಬೇಕೆಂದಿರುವುದು ಮೊಡವೆಯನ್ನು ಕುರಿತು. ವಿಷಯ ಹಗುರವೆನ್ನಿಸಬಹುದು. ಮೊಡವೆ ಬಂದಿರುವ ಹದಿನೇಳು ವರ್ಷದ ಮಗುವನ್ನು ಕೇಳಿದರೆ ಅದು ಹಗುರವೆನ್ನುವುದಿಲ್ಲ.

ಸುಶ್ರುತನ ಸಂಹಿತೆಯಲ್ಲಿ ಇದಕ್ಕೆ ‘ಮುಖದೂಷಿಕಾ’ ಎಂಬ ಹೆಸರಿದೆ. ಬೂರುಗದ ಮರದ ಮುಳ್ಳಿನ ಹಾಗೆ ಯುವಕರ ಮುಖದ ಮೇಲೆ ಏಳುವ ಗುಳ್ಳೆಗಳು ಎಂದು ಆತ ಹೇಳುತ್ತಾನೆ. ಬೂರುಗದ ಕಾಂಡವನ್ನು ನೋಡಿದವರಿಗೆ ಆ ಹೋಲಿಕೆಯ ಸೊಗಸು ತಿಳಿದೀತು. ಆದರೆ ‘ಮುಖವನ್ನು ದೂಷಿಸುವುದು’ ಎಂಬ ಹೆಸರಿನಲ್ಲೇ ತೀರ್ಪು ಕೊಟ್ಟಾಗಿದೆ. ನಮ್ಮ ಹಳ್ಳಿಗರ ‘ಹರೆಯದ ಗುಳ್ಳೆ’ ಎಂಬ ಮಾತು ಇದಕ್ಕಿಂತ ಮನುಷ್ಯತ್ವವುಳ್ಳದ್ದು. ಇಂದಿನ ವೈದ್ಯರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ. ಹರೆಯಕ್ಕೆ ಬಂದಾಗ ದೇಹದ ರಸದೂತಗಳು ಚರ್ಮದ ಎಣ್ಣೆಗ್ರಂಥಿಗಳನ್ನು ಕೆರಳಿಸುತ್ತವೆ. ಎಣ್ಣೆ ಹೆಚ್ಚಿ ರೋಮದ ರಂಧ್ರ ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಸದಾ ಇರುವ ಒಂದು ಜಾತಿಯ ಸೂಕ್ಷ್ಮಾಣು ಅಲ್ಲಿ ಬೆಳೆದು ಉರಿಯೂತವಾಗುತ್ತದೆ. ಹನ್ನೆರಡರಿಂದ ಇಪ್ಪತ್ತನಾಲ್ಕರವರೆಗಿನ ವಯಸ್ಸಿನವರಲ್ಲಿ ನೂರಕ್ಕೆ 85 ಮಂದಿಗೆ ಅಷ್ಟೋ ಇಷ್ಟೋ ಬಂದೇ ಬರುತ್ತದೆಂದು ಲೆಕ್ಕ. ಕೊಳಕಿನಿಂದ ಬರುವುದಲ್ಲ, ಸೋಪು ಹಾಕಿ ಉಜ್ಜಿದರೆ ಹೋಗುವುದೂ ಅಲ್ಲ. ಇನ್ನು ಕೆಟ್ಟ ಯೋಚನೆಯಿಂದ ಬರುತ್ತದೆಂಬ ಮುದುಕರ ಮಾತಿಗೆ ಉತ್ತರ ಹೇಳಬೇಕಾದುದೇ ಇಲ್ಲ.

ನೂರಕ್ಕೆ 85 ಮುಖಗಳಲ್ಲಿರುವುದು ತೆರೆಯ ಮೇಲೆ ಎಷ್ಟು ಮುಖಗಳಲ್ಲಿದೆ? ಕಾಲೇಜಿನ ಕಥೆಯೇ ಆಗಿರಲಿ, ಹೈಸ್ಕೂಲಿನ ಕಥೆಯೇ ಆಗಿರಲಿ, ಹುಡುಗ ಹುಡುಗಿಯರ ಕೆನ್ನೆಗಳು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಕಲ್ಲಿನಷ್ಟು ನುಣುಪು. ಧಾರಾವಾಹಿಯ ಸೊಸೆ ನಿದ್ದೆಯಿಂದ ಏಳುವಾಗಲೂ ಹಾಗೆಯೇ. ಮೊಡವೆ ಇಲ್ಲವೇ ಇಲ್ಲವೆಂದಲ್ಲ. ಅದಕ್ಕೆ ಗೊತ್ತಾದ ಎರಡು ಸ್ಥಳಗಳಿವೆ: ಒಂದು ಹಾಸ್ಯದವನ ಮುಖ, ಇನ್ನೊಂದು ಜಾಹೀರಾತಿನ ಮೊದಲರ್ಧ.

ಚೆಲುವಿನ ಹಂಬಲ ನಮ್ಮ ಕಡೆಯವರಿಗೆ ಯಾರೂ ಹೊರಗಿನಿಂದ ಕಲಿಸಿದ್ದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ದೇವರ ಹೆಸರೇ ಚೆಲುವನಾರಾಯಣ. ಆ ಹೆಸರಿನಿಂದ ಚೆಲುವಯ್ಯ, ಚೆಲುವಮ್ಮ, ಚೆಲುವೇಗೌಡರು ಮನೆಮನೆಯಲ್ಲಿ ಹುಟ್ಟಿದ್ದಾರೆ. ಬಿಸಿಲಿನಲ್ಲಿ ಕಬ್ಬು ಕಡಿದು ಕರಿದಾದ ಮುಖದ ಚೆಲುವಯ್ಯನನ್ನು ಆ ಹೆಸರಿಗೆ ನೀನು ತಕ್ಕವನಲ್ಲವೆಂದು ಯಾರೂ ಆಡಿಕೊಂಡದ್ದಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯವರಾದ ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರ ಮಲ್ಲಿಗೆ’ಯನ್ನು ಕೊಟ್ಟರು. ಅದನ್ನು ಓದಿದ ಪ್ರತಿಯೊಬ್ಬ ಗಂಡನೂ ಆ ನಾಯಕಿಯ ಮುಖದಲ್ಲಿ ತನ್ನ ಹೆಂಡತಿಯನ್ನೇ ಕಂಡ. ಅಕ್ಷರದಲ್ಲಿರುವ ಮುಖಕ್ಕೆ ಈ ಔದಾರ್ಯವುಂಟು. ಓದುವವನು ತನ್ನವರ ಮುಖವನ್ನು ಅಲ್ಲಿ ಇಟ್ಟುಕೊಳ್ಳಬಹುದು. ತೆರೆಯ ಮೇಲಿನ ಮುಖಕ್ಕೆ ಅದಿಲ್ಲ. ಅದು ತಾನೇ ಎಲ್ಲ ಜಾಗವನ್ನೂ ತುಂಬಿಕೊಂಡು ನಿಲ್ಲುತ್ತದೆ.

ನಾಟಕದಲ್ಲಿ ನಟಿಸುವುದಕ್ಕೆ ಕನ್ನಡದಲ್ಲಿ ‘ಬಣ್ಣ ಹಚ್ಚುವುದು’ ಎನ್ನುತ್ತೇವೆ. ನಾಗಮಂಗಲದ ಕಡೆಯ ಮೂಡಲಪಾಯದವರೂ, ಊರೂರಿನಲ್ಲಿ ‘ಕುರುಕ್ಷೇತ್ರ’ ಆಡುವ ಯುವಕರೂ ಮುಖದ ಮೇಲೆ ದಪ್ಪನಾಗಿ ಬಣ್ಣ ಬಳಿದುಕೊಳ್ಳುತ್ತಾರೆ. ಅದರಲ್ಲಿ ಮೋಸವಿಲ್ಲ. ಬಣ್ಣ ಬಣ್ಣವೆಂದೇ ಕಾಣುತ್ತದೆ. ಬೆಳಗಾದ ಮೇಲೆ ಶ್ರೀಕೃಷ್ಣ ಪರಮಾತ್ಮನು ಕೊಬ್ಬರಿ ಎಣ್ಣೆಯಿಂದ ಮುಖ ಒರೆಸಿಕೊಂಡು, ಮೊಡವೆಗಳ ಸಮೇತ ಹೋಟೆಲಿನ ಮುಂದೆ ಕಾಫಿ ಕುಡಿಯುತ್ತ ನಿಂತಿರುವುದನ್ನು ಊರೆಲ್ಲ ನೋಡುತ್ತದೆ. ಸಿನಿಮಾ ಬಣ್ಣದ ಹೆಚ್ಚುಗಾರಿಕೆಯೇ ಬೇರೆ. ಬಣ್ಣ ಹಚ್ಚಿಲ್ಲವೆಂದು ತೋರಿಸುವುದೇ ಅದರ ಜಾಣ್ಮೆ. ನಾನು ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ಸವೆದ ಪ್ರಿಂಟುಗಳನ್ನು ನೋಡುತ್ತಿದ್ದೆವು. ಗೀರು ಚುಕ್ಕೆಗಳು ನಾಯಕಿಯ ಮುಖವನ್ನೂ ಬಿಡುತ್ತಿರಲಿಲ್ಲ. ಈಗಿನ ಸ್ಫುಟವಾದ ಕ್ಯಾಮೆರಾಗಳು ಒಂದೊಂದು ರೋಮವನ್ನೂ ಹಿಡಿಯುತ್ತವೆ. ಹಿಡಿದದ್ದನ್ನು ಗಣಕಯಂತ್ರದಲ್ಲಿ ಅಳಿಸುವವರು ಬೇರೆ ಇದ್ದಾರೆ.

ಅಳಿಸುವ ಕಲೆ ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೂ ಇತ್ತು. ಕಪ್ಪು ಬಿಳುಪಿನ ಕಾಲದಲ್ಲಿ ಫೋಟೋಗ್ರಾಫರು ಗಾಜಿನ ಮೇಜಿನ ಕೆಳಗೆ ದೀಪವಿಟ್ಟು, ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಮೊಡವೆಯ ಗುರುತುಗಳನ್ನು ಒಂದೊಂದಾಗಿ ತುಂಬುತ್ತಿದ್ದರು. ಅದಕ್ಕೆ ‘ಟಚಿಂಗ್’ ಎನ್ನುತ್ತಿದ್ದರು. ಗಂಡಿನ ಕಡೆಗೆ ಕಳಿಸುವ ಫೋಟೋವಾದರೆ ಅದಕ್ಕೆ ಬೇರೆ ಕಾಸು. ಆದರೆ ವರ್ಷಕ್ಕೊಂದು ಫೋಟೋ ಕಂಡರೆ ಹೆಚ್ಚಾಗಿದ್ದ ಕಾಲ ಅದು.

ಅಮೆರಿಕದ ಚರ್ಮವೈದ್ಯರು ಕೆಲವರು 2017ರಲ್ಲಿ ಒಂದು ಕುತೂಹಲದ ಲೆಕ್ಕ ತೆಗೆದರು. ಅಮೆರಿಕನ್ ಫಿಲಂ ಇನ್‌ಸ್ಟಿಟ್ಯೂಟ್ ಆರಿಸಿದ ಪಟ್ಟಿಯ ಮೊದಲ ಹತ್ತು ನಾಯಕರನ್ನೂ ಹತ್ತು ಖಳರನ್ನೂ ಎದುರುಬದುರು ಇಟ್ಟು ಚರ್ಮವನ್ನಷ್ಟೇ ನೋಡಿದರು. ಹತ್ತು ಖಳರಲ್ಲಿ ಆರು ಜನಕ್ಕೆ ಗಾಯದ ಕಲೆ, ನರೂಲಿ, ಬೋಳು, ಕಣ್ಣಿನ ಸುತ್ತ ಕಪ್ಪು, ಹೀಗೆ ಏನಾದರೊಂದು ಇತ್ತು. ನಾಯಕರಲ್ಲಿ ಒಬ್ಬರಿಗೂ ಇರಲಿಲ್ಲ. ನಮ್ಮ ಚಿತ್ರಗಳಲ್ಲಿ ಇಂಥ ಲೆಕ್ಕವನ್ನು ಬೇಕಾದವರು ಮಾಡಿಕೊಳ್ಳಬಹುದು. ಕೆನ್ನೆಯ ಮೇಲೊಂದು ಗಾಯದ ಗೀರು ಎಳೆದರೆ ಸಂಭಾಷಣೆ ಬರೆಯುವ ಶ್ರಮ ಅರ್ಧ ಉಳಿಯುತ್ತದೆ.

ಜಾಹೀರಾತಿನದು ಇನ್ನೂ ನಯವಾದ ಕೆಲಸ. ಮೊಡವೆಯ ಹುಡುಗಿ ಗೆಳತಿಯ ಮದುವೆಗೆ ಹೋಗಲಾರಳು, ವೇದಿಕೆ ಹತ್ತಲಾರಳು. ಲೇಪ ಹಚ್ಚುತ್ತಾಳೆ; ಏಳು ದಿನವಾದ ಮೇಲೆ ಹಾಡುತ್ತಾಳೆ, ಕೆಲಸ ಸಿಗುತ್ತದೆ, ತಂದೆಯ ಮುಖವರಳುತ್ತದೆ. ಹಾಡು ಮೊದಲೇ ಅವಳ ಗಂಟಲಿನಲ್ಲಿರಲಿಲ್ಲವೆ ಎಂದು ಯಾರೂ ಕೇಳುವುದಿಲ್ಲ. ಬಣ್ಣದ ವಿಷಯದಲ್ಲಿಯೂ ಇದೇ ಕಥೆ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಎಂದು ಹೆಸರು ಬದಲಿಸಿಕೊಂಡಿತು. ಕಪ್ಪು ಮೈಬಣ್ಣದವರನ್ನು ದುಃಖಿಗಳಾಗಿ, ಕೀಳಾಗಿ ತೋರಿಸಬಾರದೆಂದು ಜಾಹೀರಾತುದಾರರದೇ ಮಂಡಳಿ 2014ರಲ್ಲಿ ನಿಯಮ ಮಾಡಿಕೊಂಡಿತ್ತು. ನಿಯಮ ಬಂದ ಮೇಲೆ ಮಾತು ಬದಲಾಯಿತು. ನೋಟ ಬದಲಾಯಿತೆಂದು ನನಗೆ ತೋರುವುದಿಲ್ಲ.

ನಾಗಮಂಗಲದ ಕಾಲೇಜೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ, 2016ರ ಸುಮಾರಿಗೆ, ಬಿ.ಎ. ಎರಡನೆಯ ವರ್ಷದಲ್ಲಿ ಒಬ್ಬ ಹುಡುಗಿಯಿದ್ದಳು. ಹಳಗನ್ನಡ ಪದ್ಯವನ್ನು ಪದ ಬಿಡಿಸಿ, ಉಸಿರು ತಪ್ಪದೆ ಓದುತ್ತಿದ್ದಳು. ಮೇಷ್ಟರಿಗೆ ಅಂಥವರು ಹತ್ತು ವರ್ಷಕ್ಕೊಬ್ಬರು ಸಿಗುತ್ತಾರೆ. ಬರಬರುತ್ತ ಅವಳು ಕೊನೆಯ ಬೆಂಚಿಗೆ ಹೋದಳು. ದುಪಟ್ಟಾ ಮೂಗಿನವರೆಗೆ ಏರಿತು. ವಾಚನ ಸ್ಪರ್ಧೆಗೆ ಹೆಸರು ಕೊಟ್ಟಿದ್ದವಳು ಆ ದಿನ ಬರಲಿಲ್ಲ. ಆಮೇಲೆ ತರಗತಿಗೂ ಬರಲಿಲ್ಲ. ಒಂದು ದಿನ ಅವಳ ತಾಯಿ ಬಂದು ಕಾರಿಡಾರಿನಲ್ಲಿ ನಿಂತರು. “ಮೇಷ್ಟ್ರೇ, ಮಗ ಕನ್ನಡಿನ ಗ್ವಾಡೆ ಕಡೀಕ್ ತಿರುಗಿಸಿ ಮಡಗವಳೆ. ನೀವಾರ ಒಂದ್ ಮಾತ್ ಏಳಿ” ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನೂ ‘ಮಗ’ ಎಂದೇ ಕರೆಯುತ್ತಾರೆ.

ಆದದ್ದು ಇಷ್ಟು. ಮೊಡವೆಗೆಂದು ಔಷಧದ ಅಂಗಡಿಯಿಂದ ಒಂದು ಟ್ಯೂಬು ತಂದಿದ್ದಾಳೆ. ಮೊದಲ ವಾರ ಮುಖ ಹೊಳೆಯಿತು. ಗೆಳತಿಯರೆಲ್ಲ ಏನು ಹಚ್ಚುತ್ತೀಯೆಂದು ಕೇಳಿದರು. ನಾಲ್ಕು ತಿಂಗಳಾಗುವ ಹೊತ್ತಿಗೆ ಚರ್ಮ ತೆಳುವಾಗಿ ಕೆಂಪಗಾಯಿತು. ಕೆನ್ನೆಯ ಮೇಲೆ ಕೂದಲು. ಬಿಟ್ಟರೆ ಉರಿ, ಹಚ್ಚಿದರೆ ಮೊಡವೆ ಇಮ್ಮಡಿ. ಅದು ಸ್ಟೀರಾಯ್ಡ್ ಬೆರೆತ ಲೇಪ. ಇಸುಬಿನಂಥವಕ್ಕೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುವಂಥದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವಂಥದಲ್ಲ. ಇಂಥ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆಜ್ಞೆ ಹೊರಡಿಸಿತು. ಆ ಹುಡುಗಿಗೆ ಆ ಆಜ್ಞೆ ಎರಡು ವರ್ಷ ತಡವಾಯಿತು.

ಅವಳು ನನ್ನೊಡನೆ ಆಡಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. “ಟೀವಿಯಲ್ಲಿ ಎಲ್ಲರಿಗೂ ಏಳು ದಿನಕ್ಕೆ ಹೋಗುತ್ತಲ್ಲ ಸರ್, ನನ್ನ ಮುಖದಲ್ಲೇ ಏನೋ ದೋಷ ಇರಬೇಕು.” ತೆರೆ ಸುಳ್ಳು ಹೇಳಿತೆಂದು ಅವಳಿಗೆ ತೋರಲೇ ಇಲ್ಲ, ತನ್ನ ಮುಖವೇ ಸುಳ್ಳೆಂದು ತೋರಿತು. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊಡವೆಯೆಂದು ವೈದ್ಯರು ಗುರುತಿಸಿದ ಮೊದಲ ವರ್ಷದಲ್ಲಿ ತೀವ್ರ ಖಿನ್ನತೆಯ ಸಂಭವ ಉಳಿದವರಿಗಿಂತ ನೂರಕ್ಕೆ 63ರಷ್ಟು ಹೆಚ್ಚೆಂದು ಕಂಡುಬಂದಿದೆ. ಈ ಅಂಕಿಯನ್ನು ಓದಿದಾಗ ನನಗೆ ನೆನಪಾದದ್ದು ಗೋಡೆಯ ಕಡೆಗೆ ತಿರುಗಿದ್ದ ಆ ಕನ್ನಡಿ. ಹುಡುಗಿ ಮೈಸೂರಿನ ಚರ್ಮವೈದ್ಯರೊಬ್ಬರಲ್ಲಿ ವರ್ಷದ ಮೇಲೆ ಚಿಕಿತ್ಸೆ ಪಡೆದಳು. ಉರಿ ಹೋಯಿತು, ಕಲೆಗಳು ಕೆಲವು ಉಳಿದವು. ಪರೀಕ್ಷೆ ಬರೆದಳು. ವಾಚನಕ್ಕೆ ಮಾತ್ರ ಮತ್ತೆ ಹೆಸರು ಕೊಡಲಿಲ್ಲ.

ತೆರೆಯಲ್ಲಿ ಬೇರೆ ಬಗೆಯ ಮುಖಗಳು ಬಂದೇ ಇಲ್ಲವೆಂದರೆ ಅನ್ಯಾಯವಾದೀತು. 2015ರ ಮಲಯಾಳಂ ಚಿತ್ರ ‘ಪ್ರೇಮಂ’ನಲ್ಲಿ ಅಲ್ಫೋನ್ಸ್ ಪುತ್ರೆನ್ ಅವರು ಸಾಯಿ ಪಲ್ಲವಿಯವರ ಕೆನ್ನೆಯ ಮೊಡವೆಗಳನ್ನು ಮುಚ್ಚದೆ ತೋರಿಸಿದರು. ಪಾತ್ರ ಕಾಲೇಜಿನ ಅಧ್ಯಾಪಕಿಯದು. ಜನ ಅವರನ್ನು ಮೊಡವೆಯ ಹೊರತಾಗಿಯೂ ಅಲ್ಲ, ಮೊಡವೆಯ ಸಮೇತ ಮೆಚ್ಚಿದರು. ತನ್ನ ಮುಖದ ಬಗ್ಗೆ ತನಗೇ ಇದ್ದ ಅಳುಕು ಆ ಮೆಚ್ಚುಗೆಯಿಂದ ದೂರವಾಯಿತೆಂದು ಆಕೆ ಹೇಳಿದ್ದಾರೆ. ಬಿಳುಪಿನ ಲೇಪವೊಂದರ ಜಾಹೀರಾತನ್ನು ಆಕೆ ನಿರಾಕರಿಸಿದ ಸುದ್ದಿ 2019ರಲ್ಲಿ ಪತ್ರಿಕೆಗಳಲ್ಲಿ ಬಂತು. ಆಕೆ ನೀಲಗಿರಿಯ ಬಡಗರ ಮಗಳು. ಬಡಗ ಮಾತು ಕನ್ನಡದ ಹತ್ತಿರದ ನಂಟು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂಬುದು ಅವರ ಐತಿಹ್ಯ. ಕನ್ನಡದ ಮೇಷ್ಟರಿಗೆ ಇಷ್ಟು ನಂಟಸ್ತನ ಹೇಳಿಕೊಳ್ಳುವ ಚಪಲ ಕ್ಷಮ್ಯವೆಂದುಕೊಂಡಿದ್ದೇನೆ. ಅಮೆರಿಕದ ‘ಲೇಡಿ ಬರ್ಡ್’ (2017) ಚಿತ್ರದಲ್ಲಿಯೂ ಸರ್ಷಾ ರೋನನ್ ಅವರ ಮೊಡವೆಗಳನ್ನು ಹಾಗೆಯೇ ಬಿಟ್ಟರು.

ನಮ್ಮಲ್ಲಿ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017) ಮೊಡವೆಯದಲ್ಲ, ಬೋಳುತಲೆಯದು. ನಾಯಕ ಜನಾರ್ದನ ಕನ್ನಡ ಅಧ್ಯಾಪಕ! ತಲೆಯಲ್ಲಿ ಕೂದಲಿಲ್ಲವೆಂದು ಹೆಣ್ಣುಗಳು ಒಪ್ಪುವುದಿಲ್ಲವೆಂದು ಕೊರಗುವ ಆತ, ತನಗೆ ಬರುವವಳು ಮಾತ್ರ ಚೆಲುವೆಯಾಗಿರಬೇಕೆನ್ನುತ್ತಾನೆ. ನೊಂದವನ ಕಣ್ಣಿನೊಳಗೂ ಅದೇ ತಕ್ಕಡಿ ಇರುತ್ತದೆಂಬುದನ್ನು ಕಂಡ ಕಾರಣಕ್ಕೆ ಆ ಚಿತ್ರವನ್ನು ನಾನು ದೊಡ್ಡದೆನ್ನುತ್ತೇನೆ. ಅದಕ್ಕಿಂತ ಮೊದಲು ನಮ್ಮ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿಯವರು ‘ತಿಥಿ’ಯನ್ನು ತೆಗೆದರು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದ ಚಿತ್ರ. ಅದರಲ್ಲಿ ಕಾಣುವವರು ವೃತ್ತಿನಟರಲ್ಲ, ಹಳ್ಳಿಯ ಜನ. ಗಡ್ಡಪ್ಪ ಹೊಲದ ಬದುವಿನ ಮೇಲೆ ನಡೆದುಹೋಗುವಾಗ ಆ ಮುಖದ ಸುಕ್ಕು, ಕಲೆ, ನೆರೆ ಯಾವುದೂ ಏನನ್ನೂ ಸೂಚಿಸುವುದಿಲ್ಲ, ಸುಮ್ಮನೆ ಇರುತ್ತವೆ. ನಮ್ಮ ಜನ ನಕ್ಕರು, ಆದರೆ ಮುಖಗಳನ್ನು ನೋಡಿ ನಗಲಿಲ್ಲ.

ಚಿತ್ರವೊಂದು ಕಲೆಯನ್ನು ಬೇಕೆಂದೇ ಉಳಿಸಿಕೊಂಡ ಇನ್ನೊಂದು ನಿದರ್ಶನ ನಮ್ಮ ಸೀಮೆಯದೇ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಮೈಸೂರಿಗೆ ಅರಸೊತ್ತಿಗೆ ಮರಳಿದ ಮೇಲೆ, 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರ ಮೂವರು ಹೆಂಗಸರ ಚಿತ್ರ ಬರೆದ. ಅವರು ನರ್ತಕಿಯರೆಂದು ಬಹುಕಾಲ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯದಲ್ಲಿ ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯ ರಾಣಿಯರು. ಚಿತ್ರದ ಉದ್ದೇಶ ಸಿಡುಬಿನ ಹೊಸ ಲಸಿಕೆಗೆ ಜನರನ್ನು ಒಲಿಸುವುದು. ಒಬ್ಬಾಕೆ ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರುತ್ತಾಳೆ. ಇನ್ನೊಬ್ಬಾಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಕ್ರಮದಲ್ಲಿ ಸಿಡುಬಿನ ಸೋಂಕನ್ನೇ ಕೊಟ್ಟು ರಕ್ಷಣೆ ಪಡೆದುದರ ಗುರುತೆಂದು ಅವರು ಊಹಿಸುತ್ತಾರೆ. ರಾಣಿಯ ಮುಖವನ್ನು ಬರೆಯುವವನು ಒಂದು ಕುಂಚದ ಎಳೆಯಲ್ಲಿ ಅದನ್ನು ಮುಚ್ಚಬಹುದಾಗಿತ್ತು.

ಈಗ ಮುಚ್ಚುವುದಕ್ಕೆ ಕುಂಚವೂ ಬೇಡ, ಪೆನ್ಸಿಲೂ ಬೇಡ. ಕೈಯಲ್ಲಿರುವ ಫೋನೇ ತೆಗೆಯುವಾಗಲೇ ಮೊಡವೆಯನ್ನು ಒರೆಸಿಬಿಡುತ್ತದೆ. ಮೊದಲು ಹೋಲಿಸಿಕೊಳ್ಳಲು ನಟಿಯ ಮುಖ ಬೇಕಿತ್ತು; ಈಗ ಮಕ್ಕಳು ತಮ್ಮದೇ ಒರೆಸಿದ ಮುಖದೊಡನೆ ತಮ್ಮ ಮುಖವನ್ನು ಹೋಲಿಸಿಕೊಂಡು ಸೋಲುತ್ತಾರೆ. ಕಳೆದ ವರ್ಷ ಕೃಷ್ಣರಾಜಪೇಟೆಯ ಹತ್ತಿರದ ನೆಂಟರ ಮನೆಯಲ್ಲಿ ಮದುವೆಯ ಆಲ್ಬಮ್ ಬಂತು. ಹಾಳೆ ಹಾಳೆಯಲ್ಲೂ ಮದುಮಗಳ ಮುಖ ಬೆಣ್ಣೆಯ ಹಾಗಿತ್ತು. ಹುಡುಗಿಯ ಅಜ್ಜಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಚೆಂದಾಗದೆ ಕಣವ್ವ. ಇದ್ಯಾರ ಮಗಳು?” ಎಂದು ಕೇಳಿದರು.