ಹಿರಿಯರ ನಗೆ, ಕಿರಿಯರ ಕಣ್ಣೀರು

(ಕೂಟದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ಮಾಡಿದ ಭಾಷಣದ ಬರಹರೂಪ)

ಊರಿನಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ, ಊಟ ಎಷ್ಟು ಹೊತ್ತಿಗೆ ಎಂದು ಈಗಲೇ ಗಡಿಯಾರ ನೋಡುತ್ತಿರುವ ಕನ್ನಡ ಬಾಂಧವರೇ,

ವೈದ್ಯರನ್ನು ಭಾಷಣಕ್ಕೆ ಕರೆದರೆ ಉಪ್ಪು, ಸಕ್ಕರೆ, ಕೊಲೆಸ್ಟರಾಲ್ ಎಂದು ಹೆದರಿಸಿ ಊಟದ ರುಚಿ ಕೆಡಿಸುತ್ತಾರೆಂಬ ಭಯ ಸಹಜವಾದದ್ದೇ. ಕಾರ್ಯದರ್ಶಿಗಳು ನಮಗೆ ಕೊಟ್ಟ ವಿಷಯವೂ ‘ವೃದ್ಧಾಪ್ಯ ಮತ್ತು ಆರೋಗ್ಯ’ ಎಂದೇ ಇತ್ತು. ಅದನ್ನೇ ಬೇರೆ ದಾರಿಯಿಂದ ಹೇಳುತ್ತೇವೆ, ಟೆಲಿವಿಷನ್ ಬಗ್ಗೆ ಮಾತನಾಡಲು ಬಿಡಿ ಎಂದು ಕೇಳಿಕೊಂಡೆವು. ಅವರು ಅನುಮಾನದಿಂದಲೇ ಒಪ್ಪಿದರು.

2024ರ ನವೆಂಬರ್ 21ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ಎ ಮ್ಯಾನ್ ಆನ್ ದಿ ಇನ್‌ಸೈಡ್’ ಎಂಬ ಹಾಸ್ಯ ಧಾರಾವಾಹಿ ಬಂದಿತು. ಎಂಟು ಕಂತು, ಒಂದೊಂದೂ ಸುಮಾರು ಅರ್ಧ ಗಂಟೆ. (ಎರಡನೆಯ ಸರಣಿ 2025ರ ನವೆಂಬರಿನಲ್ಲಿ ಬಂತು. ಅದರಲ್ಲಿ ಕಥೆ ಒಂದು ಕಾಲೇಜಿಗೆ ಹೋಗುತ್ತದೆ. ನಮ್ಮ ಮಾತು ಮೊದಲನೆಯದಕ್ಕೆ ಮಾತ್ರ.) ರೂಪಿಸಿದವರು ಮೈಕಲ್ ಶೂರ್, ಮುಖ್ಯ ಪಾತ್ರ ಟೆಡ್ ಡ್ಯಾನ್ಸನ್ ಅವರದು. 1982ರಿಂದ 1993ರವರೆಗೆ ‘ಚಿಯರ್ಸ್’ನಲ್ಲಿ ಬಾರಿನ ಕಟ್ಟೆಯ ಹಿಂದೆ ನಿಂತು ಈ ದೇಶವನ್ನು ನಗಿಸಿದ ಆ ಚೆಲುವ ಇಲ್ಲಿ ನರೆತ ಕೂದಲಿನ ಚಾರ್ಲ್ಸ್, ನಿವೃತ್ತ ಇಂಜಿನಿಯರಿಂಗ್ ಪ್ರಾಧ್ಯಾಪಕ. ಹೆಂಡತಿ ಆಲ್ಝೈಮರ್ಸ್ ಕಾಯಿಲೆಯಲ್ಲಿ ನರಳಿ ತೀರಿಕೊಂಡಿದ್ದಾಳೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನೊಬ್ಬನೇ ಇದ್ದಾನೆ, ಮಗಳ ಸಂಸಾರ ಬೇರೆ ಕಡೆ. ಪತ್ರಿಕೆಯಲ್ಲಿ ಓದಿದ್ದನ್ನು ಕತ್ತರಿಸಿ ಮಗಳಿಗೆ ಅಂಚೆಯಲ್ಲಿ ಕಳಿಸುತ್ತಿರುತ್ತಾನೆ. ಅಪ್ಪ ಮಗಳ ಮಾತುಕತೆ ಬಹುಮಟ್ಟಿಗೆ ಅಷ್ಟೇ. ಏನಾದರೂ ಹಚ್ಚಿಕೊಳ್ಳಪ್ಪ ಎಂದು ಮಗಳು ಹೇಳಿದ ಮೇಲೆ ಒಂದು ಜಾಹೀರಾತು ಅವನ ಕಣ್ಣಿಗೆ ಬೀಳುತ್ತದೆ. ಪತ್ತೇದಾರಿಣಿಯೊಬ್ಬಳಿಗೆ ವಯಸ್ಸಾದ ಸಹಾಯಕ ಬೇಕಾಗಿದ್ದಾನೆ. ಹಿರಿಯರು ವಾಸಿಸುವ ವಸತಿಗೆ ನಿವಾಸಿಯ ವೇಷದಲ್ಲಿ ಸೇರಿಕೊಂಡು, ಕಳುವಾದ ಮಾಣಿಕ್ಯದ ಹಾರವನ್ನು ಕದ್ದವರು ಯಾರೆಂದು ಪತ್ತೆ ಮಾಡಬೇಕು.

ಇದು ಪೂರ್ತಿ ಕಟ್ಟುಕಥೆಯೂ ಅಲ್ಲ. ಚಿಲಿ ದೇಶದ ಮೈತೆ ಅಲ್ಬೆರ್ಡಿ ಎಂಬಾಕೆ 2020ರಲ್ಲಿ ‘ದಿ ಮೋಲ್ ಏಜೆಂಟ್’ ಎಂಬ ಸಾಕ್ಷ್ಯಚಿತ್ರ ಮಾಡಿದ್ದರು. ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡ ಚಿತ್ರ ಅದು. ಅಲ್ಲಿ ಎಂಬತ್ತರಿಂದ ತೊಂಬತ್ತು ವಯಸ್ಸಿನ ಗಂಡಸರು ಬೇಕೆಂದು ಜಾಹೀರಾತು ಕೊಡುತ್ತಾರೆ. ಸೆರ್ಜಿಯೊ ಚಾಮಿ ಎಂಬ ನಿಜವಾದ ಮುದುಕರು ಮೊಬೈಲ್ ಫೋನ್ ಬಳಸುವುದನ್ನು ಒದ್ದಾಡಿ ಕಲಿತು ವೃದ್ಧಾಶ್ರಮದೊಳಕ್ಕೆ ಹೋಗುತ್ತಾರೆ. ಅಲ್ಲಿ ಒಬ್ಬ ತಾಯಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇ ಎಂಬ ಮನೆಯವರ ಸಂಶಯವನ್ನು ಪರೀಕ್ಷಿಸುವುದು ಅವರ ಕೆಲಸ. ಕೊನೆಗೆ ಅವರು ಕೊಡುವ ವರದಿಯ ತಾತ್ಪರ್ಯವಿಷ್ಟು: ಇಲ್ಲಿ ಅಪರಾಧವೇನೂ ನಡೆಯುತ್ತಿಲ್ಲ, ಇವರನ್ನು ನೋಡಲು ಯಾರೂ ಬರುತ್ತಿಲ್ಲ.

ಈ ಬೇಸಿಗೆಯಲ್ಲಿ ಆರು ಮನೆಯವರು ಸೇರಿ, ನಾಲ್ಕು ಶನಿವಾರ, ದಿನಕ್ಕೆ ಎರಡು ಕಂತಿನಂತೆ, ನಮ್ಮ ಮನೆಯ ನೆಲಮಾಳಿಗೆಯಲ್ಲಿ ಇಡೀ ಧಾರಾವಾಹಿ ನೋಡಿದೆವು. ಊರಿನಿಂದ ಬಂದಿದ್ದ ಏಳು ಜನ ಹಿರಿಯರು ಕುರ್ಚಿಯ ಮೇಲೆ, ನಾವು ಮಧ್ಯವಯಸ್ಕರು ಜಮಖಾನದ ಮೇಲೆ, ಮಕ್ಕಳು ಮೆಟ್ಟಿಲಿನ ಮೇಲೆ. ಬಿಸಿಬೇಳೆ ಬಾತ್ ಒಬ್ಬರ ಮನೆಯಿಂದ, ಮೊಸರನ್ನ ಇನ್ನೊಬ್ಬರ ಮನೆಯಿಂದ. ವೈದ್ಯರಿಗೊಂದು ಕೆಟ್ಟ ಚಾಳಿ ಇರುತ್ತದೆ, ರೋಗಿಯ ಮಾತಿಗಿಂತ ಮುಖ ನೋಡುವುದು. ನಾವು ಪರದೆಗಿಂತ ಹೆಚ್ಚಾಗಿ ನೋಡುವವರನ್ನೇ ನೋಡಿದೆವು.

ಹಿರಿಯರು ನಗುತ್ತಿದ್ದರು. ನಾವು ಅಳುತ್ತಿದ್ದೆವು.

ಕತ್ತರಿಸಿದ ಪತ್ರಿಕೆಯ ತುಣುಕು ಮಗಳಿಗೆ ಬಂದಾಗ ಜಮಖಾನದ ಮೇಲೆ ಮೂಗು ಸೀಟುವ ಸದ್ದು. ಬೆಳಗ್ಗೆ ಅಪ್ಪ ವಾಟ್ಸಪ್ಪಿನಲ್ಲಿ ಕಳಿಸಿದ ಗುಲಾಬಿ ಹೂವಿನ ‘ಶುಭೋದಯ’ವನ್ನು ತೆರೆಯದೇ ಅಳಿಸಿದವರು ನಾವೇ ತಾನೆ? ಕುರ್ಚಿಯ ಮೇಲಿನಿಂದ ಕೇಳಿಬಂದದ್ದು ಬೇರೆ ಮಾತು: “ಅಂಚೆಯಲ್ಲಿ ಕಳಿಸ್ತಾನಲ್ಲ, ಪುಣ್ಯಾತ್ಮ! ಸ್ಟಾಂಪಿಗೆ ದುಡ್ಡೆಷ್ಟು?” ಹೆಂಡತಿಯ ನೆನಪಿನಲ್ಲಿ ಚಾರ್ಲ್ಸ್ ಮಾತು ನಿಲ್ಲಿಸಿದಾಗ ನಮಗೆ ಗಂಟಲು ಕಟ್ಟಿತು. ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷವಾದ ಅಜ್ಜಿಯೊಬ್ಬರು, “ಊಟ ಮಾಡಪ್ಪ ಮೊದಲು, ಆಮೇಲೆ ಅಳುವಿಯಂತೆ” ಎಂದು ಪರದೆಗೇ ಹೇಳಿದರು.

ಎಲ್ಲರಿಗೂ ಮೆಚ್ಚಿಗೆಯಾಯಿತು ಎನ್ನುವಂತಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಆ ವಸತಿಯ ಊಟದ ಮನೆ, ಕಿಟಕಿಯಾಚೆಯ ನೋಟ ನೋಡಿ, “ಇದಕ್ಕೆ ತಿಂಗಳಿಗೆ ಎಷ್ಟು ಕಟ್ಟಬೇಕು? ಅದನ್ನು ಮಾತ್ರ ಹೇಳೋದೇ ಇಲ್ಲ” ಎಂದರು. ನ್ಯಾಯವಾದ ಆಕ್ಷೇಪಣೆ. ಸ್ನಾನ ಮಾಡಿಸುವ, ಉಣ್ಣಿಸುವ ದೀರ್ಘಕಾಲದ ಆರೈಕೆಗೆ ಈ ದೇಶದ ಮೆಡಿಕೇರ್ ಹಣ ಕೊಡುವುದಿಲ್ಲವೆಂಬುದು ಇಲ್ಲಿ ಮೂವತ್ತು ವರ್ಷ ದುಡಿದವರಿಗೂ ಬಹಳ ಸಲ ತಡವಾಗಿ ತಿಳಿಯುತ್ತದೆ. ಇನ್ನೊಬ್ಬರು, ಅವರು ನಮ್ಮ ವಯಸ್ಸಿನವರು, “ಇದೆಲ್ಲ ಅಮೆರಿಕದವರ ಗೋಳು, ನಮ್ಮಲ್ಲಿ ತಂದೆತಾಯಿಯನ್ನು ಹೀಗೆ ಬಿಡೋದಿಲ್ಲ” ಎಂದು ಘೋಷಿಸಿದರು. ಅವರ ತಾಯಿ ಜಯನಗರದ ಮನೆಯಲ್ಲಿ, ಏಜೆನ್ಸಿಯಿಂದ ಬರುವ ನರ್ಸಿನ ಜೊತೆ, ಗೇಟಿನ ಕ್ಯಾಮೆರಾದ ಕಣ್ಗಾವಲಿನಲ್ಲಿದ್ದಾರೆ. ಯಾರೂ ಏನೂ ಹೇಳಲಿಲ್ಲ. ನಮ್ಮೆಲ್ಲರ ಮನೆಯ ಕಥೆಯೂ ಹೆಚ್ಚುಕಡಿಮೆ ಅದೇ ಆದ್ದರಿಂದ ಹೇಳುವ ಬಾಯಿ ಯಾರಿಗಿತ್ತು?

ವಯಸ್ಸಾದವರನ್ನಿಟ್ಟುಕೊಂಡು ನಗಿಸುವುದು ಇಲ್ಲಿ ಹೊಸದಲ್ಲ. ಸೂಸನ್ ಹ್ಯಾರಿಸ್ ಸೃಷ್ಟಿಸಿದ ‘ದಿ ಗೋಲ್ಡನ್ ಗರ್ಲ್ಸ್’ 1985ರ ಸೆಪ್ಟೆಂಬರಿನಿಂದ 1992ರ ಮೇ ತಿಂಗಳವರೆಗೆ ಏಳು ವರ್ಷ, 180 ಕಂತು ನಡೆಯಿತು. ಮಿಯಾಮಿಯಲ್ಲಿ ಒಂದೇ ಮನೆಯಲ್ಲಿ ವಾಸಿಸುವ ನಾಲ್ವರು ಹೆಂಗಸರ ಕಥೆ. ಅವರಲ್ಲಿ ತಾಯಿ ಸೋಫಿಯಾ ಆಗಿದ್ದ ಎಸ್ಟೆಲ್ ಗೆಟ್ಟಿ, ಮಗಳು ಡೊರೊತಿ ಆಗಿದ್ದ ಬೀ ಆರ್ಥರ್‌ಗಿಂತ ಒಂದು ವರ್ಷ ಚಿಕ್ಕವರು! ಮೊದಲ ಆರು ವರ್ಷವೂ ಅದು ಅತಿ ಹೆಚ್ಚು ಜನ ನೋಡುವ ಹತ್ತು ಕಾರ್ಯಕ್ರಮಗಳ ಪಟ್ಟಿಯಲ್ಲಿತ್ತು. ಮುದುಕಿಯರನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿತ್ತು.

ನಾವು ಆ ಕಾಲದಲ್ಲಿ ಮೈಸೂರಿನಲ್ಲಿ ಚಡ್ಡಿ ಹಾಕಿಕೊಂಡು ದೂರದರ್ಶನ ನೋಡುತ್ತಿದ್ದವರು. ಎಂ.ಬಿ.ಬಿ.ಎಸ್. ಮುಗಿಸಿ ಇಲ್ಲಿ ರೆಸಿಡೆನ್ಸಿ ಮಾಡುವಾಗ ಅದರ ಮರುಪ್ರಸಾರ ಕಂಡೆವು, ಅದೂ ರೋಗಿಗಳ ಕೋಣೆಯಲ್ಲಿ. ರಾತ್ರಿ ಪಾಳಿಯಲ್ಲಿ ರಕ್ತ ತೆಗೆಯಲು ಹೋದರೆ ಹೃದಯಾಘಾತವಾಗಿದ್ದ ಮುದುಕಿಯೊಬ್ಬರು ಕೈ ಎತ್ತಿ ತಡೆದರು, ಸೋಫಿಯಾ ಮಾತಾಡುತ್ತಿದ್ದಾಳೆ, ಜಾಹೀರಾತು ಬಂದಾಗ ಚುಚ್ಚು ಎಂದು. ಕಾದೆವು. 1989ರ ಎರಡು ಕಂತುಗಳಲ್ಲಿ ಡೊರೊತಿಗೆ ವಿಪರೀತ ಆಯಾಸದ ಕಾಯಿಲೆ. ವೈದ್ಯರು ಒಬ್ಬರಾದ ಮೇಲೊಬ್ಬರು, ನಿನಗೇನೂ ಇಲ್ಲ, ವಯಸ್ಸಾಯಿತು ಅಷ್ಟೆ ಎಂದು ಸಾಗಹಾಕುತ್ತಾರೆ. ಅದು ಲೇಖಕಿ ಹ್ಯಾರಿಸ್ ಅವರ ಸ್ವಂತ ಅನುಭವದಿಂದ ಹುಟ್ಟಿದ ಕಥೆ. ಆ ಕಂತನ್ನು ನೋಡಿದ ರೋಗಿಗಳು ನಮ್ಮನ್ನು ನೋಡುತ್ತಿದ್ದ ನೋಟ ಅಷ್ಟು ಹಿತವಾದದ್ದಲ್ಲ. ವಯಸ್ಸಾಯಿತು ಅಷ್ಟೆ ಎಂಬ ಆ ಮಾತನ್ನು ನಾವೂ ಹೇಳಿದ್ದೇವೆ. ಯಾರ ಬಗ್ಗೆ ಎಂಬುದನ್ನು ಈಗ ಹೇಳಬೇಕು.

ಮೂರನೆಯ ಶನಿವಾರ. ಆ ವಸತಿಯಲ್ಲಿ ಮರೆವಿನ ಕಾಯಿಲೆಯವರಿಗೆ ಬೇರೆ ವಿಭಾಗವಿದೆ. ಅದೆಂದರೆ ಉಳಿದ ನಿವಾಸಿಗಳಿಗೆ ಒಳಗೊಳಗೇ ಹೆದರಿಕೆ. ಅದು ಪರದೆಯ ಮೇಲೆ ಬಂದಾಗ ಮೊದಲ ಬಾರಿಗೆ ಕುರ್ಚಿಗಳ ಕಡೆ ನಗು ನಿಂತಿತು. ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತಾ ನಮ್ಮ ತಾಯಿಯವರು ಹೇಳಿದರು: “ನಿಮ್ಮಪ್ಪ ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿಕೊಂಡು ಬಂದು, ನಂದೇ ಅಂತ ಜಗಳಕ್ಕೆ ನಿಂತಿದ್ದು ಹದಿನಾರನೇ ಇಸವೀಲೇ ಕಣೋ. ನಿನಗೆ ಹೇಳಲಿಲ್ಲ.”

ನಮಗೆ ಗೊತ್ತಾದದ್ದು 2018ರ ಡಿಸೆಂಬರಿನಲ್ಲಿ, ರಜೆಗೆ ಹೋದಾಗ, ಅವರ ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕಿದ ದಿನ. ಅಲ್ಲಿಯವರೆಗೆ ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡಿದ್ದೆವು. ಅಲ್ಲಿ ಎಷ್ಟು ಗಂಟೆ, ಚಳಿ ಇದೆಯೇ, ಮಕ್ಕಳು ಎಷ್ಟನೇ ಕ್ಲಾಸು? ಪ್ರತಿ ವಾರವೂ ಅವವೇ ಮೂರು ಪ್ರಶ್ನೆ. ಅದನ್ನು ನಾವು ಪ್ರೀತಿ ಎಂದುಕೊಂಡೆವು. ಒಮ್ಮೆ ಮೊಮ್ಮಗಳ ಹೆಸರಿಗೆ ತಡವರಿಸಿದಾಗ, ವಯಸ್ಸಾಯಿತು ಅಷ್ಟೆ ಎಂದು ನಾವೇ ಹೆಂಡತಿಗೆ ಹೇಳಿದ್ದೆವು. ಹೆಸರನ್ನು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡುತ್ತಿದ್ದ ತಾಯಿಯ ದನಿ ಫೋನಿನಲ್ಲಿ ಕೇಳಿಸುತ್ತಿತ್ತು. ಕೇಳಿಸಿಕೊಳ್ಳಲಿಲ್ಲ. ಇದೇ ಕಾಯಿಲೆಯ ಲಕ್ಷಣಗಳನ್ನು ಕಿರಿಯ ವೈದ್ಯರಿಗೆ ಕಲಿಸುವವರು ನಾವು. ಆರಂಭದಲ್ಲಿ ರೂಢಿಯ ಮಾತು, ಕುಶಲ ಪ್ರಶ್ನೆ, ನಗೆಚಾಟಿಕೆ ಹಾಗೆಯೇ ಉಳಿದಿರುತ್ತವೆ. ಹತ್ತು ನಿಮಿಷದ ಫೋನಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಲೆಕ್ಕದ ಚೀಟಿ, ಅಡುಗೆಮನೆ, ದಾರಿ, ಔಷಧಿಯ ಡಬ್ಬಿ, ಇವು ಮೊದಲು ತಪ್ಪುತ್ತವೆ. ಅವನ್ನು ಯಾರಾದರೂ ಹೋಗಿ ಕಣ್ಣಾರೆ ನೋಡಬೇಕು.

ಇಷ್ಟು ಕೇಳಿ ಗಾಬರಿಯಾಗಬೇಡಿ. ಮರೆವೆಲ್ಲ ಆಲ್ಝೈಮರ್ಸ್ ಅಲ್ಲ. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಥೈರಾಯಿಡ್, ಖಿನ್ನತೆ, ನಿದ್ದೆ ಮಾತ್ರೆ, ಕಿವಿ ಮಂದವಾಗುವುದು, ಇವೂ ಮರೆವಿನ ವೇಷ ಹಾಕುತ್ತವೆ, ಇವಕ್ಕೆಲ್ಲ ಚಿಕಿತ್ಸೆ ಇದೆ. ಲ್ಯಾನ್ಸೆಟ್ ಆಯೋಗದ 2024ರ ವರದಿ ಬದಲಾಯಿಸಬಹುದಾದ 14 ಅಪಾಯಾಂಶಗಳನ್ನು ಪಟ್ಟಿ ಮಾಡಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಜೊತೆಗೆ ಮಂದ ಕಿವಿ, ಮಂದ ಕಣ್ಣು, ಒಂಟಿತನಗಳೂ ಅದರಲ್ಲಿವೆ. ಆಗ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರು, ನಮ್ಮ ಮಂಡ್ಯದ ಹಲ್ಲೆಗೆರೆ ಮೂಲದವರು, 2023ರಲ್ಲಿ ಒಂಟಿತನದ ಬಗ್ಗೆಯೇ ಎಚ್ಚರಿಕೆಯ ವರದಿ ಹೊರಡಿಸಿದರು. ಜನಸಂಪರ್ಕವಿಲ್ಲದ ಬಾಳು ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯಸ್ಸಿಗೆ ಕೇಡು ಎಂದು ಅದರಲ್ಲಿದೆ. ನಮ್ಮಪ್ಪ ಸಿಗರೇಟು ಮುಟ್ಟಿದವರಲ್ಲ.

ಮತ್ತೆ ಧಾರಾವಾಹಿಗೆ ಬರೋಣ. ಕೊನೆಯ ಶನಿವಾರ ಎಲ್ಲ ಮುಗಿದ ಮೇಲೆ, ಹಾರ ಯಾರ ಬಳಿ ಸಿಕ್ಕಿತೆಂಬುದನ್ನು ಇಲ್ಲಿ ಹೇಳುವುದಿಲ್ಲ, ನೀವೇ ನೋಡಿ, ಹಿರಿಯರನ್ನು ಏನು ಇಷ್ಟವಾಯಿತು ಎಂದು ಕೇಳಿದೆವು. ಮಗಳು ಅಪ್ಪನಿಗೆ ಹತ್ತಿರವಾದದ್ದು ಎಂಬ ಉತ್ತರವನ್ನು ನಿರೀಕ್ಷಿಸಿದ್ದೆವು, ಕರವಸ್ತ್ರವೂ ಸಿದ್ಧವಿತ್ತು. ನಮ್ಮ ತಾಯಿ ಹೇಳಿದ್ದು ಇಷ್ಟು: “ಮೊದಲನೇ ಕಂತಲ್ಲಿ ಅವನ ಮುಖ ಹೇಗಿತ್ತು, ಆಮೇಲೆ ಹೇಗಾಯ್ತು ನೋಡಿದ್ಯಾ? ಕೆಲಸ ಕೊಟ್ಟರಲ್ಲ, ಅದಕ್ಕೆ.” ಉಳಿದ ಆರು ತಲೆಗಳೂ ಆಡಿದವು. ಬ್ಯಾಂಕಿನವರು, “ಸಂಬಳ ಕೊಟ್ಟರೋ ಇಲ್ಲವೋ, ವರದಿ ಎಲ್ಲಿ ಅಂತ ದಿನಾ ಕೇಳೋರು ಒಬ್ಬರಿದ್ದರು” ಎಂದರು.

ಊರಿನಿಂದ ಬಂದವರಿಗೆ ನಾವು ಹೇಳುವ ಮೊದಲ ಮಾತು ಯಾವುದು ನೆನಪಿಸಿಕೊಳ್ಳಿ. ‘ನೀವೇನೂ ಮಾಡಬೇಡಿ, ಆರಾಮವಾಗಿ ಕೂತಿರಿ.’ ಒಲೆ ಮುಟ್ಟಬೇಡಿ, ಹೊಗೆಯ ಗಂಟೆ ಹೊಡೆದುಕೊಳ್ಳುತ್ತದೆ. ಪಾತ್ರೆ ತೊಳೆಯಬೇಡಿ, ಮಷೀನ್ ಇದೆ. ಒಬ್ಬರೇ ಹೊರಗೆ ಹೋಗಬೇಡಿ, ಮಂಜಿನಲ್ಲಿ ಜಾರುತ್ತೀರಿ. ಎಲ್ಲವೂ ಕಾಳಜಿಯೇ. ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಕಲಿಸಿ, ಸಾವಿರಾರು ಮಕ್ಕಳ ಕಾಗುಣಿತ ತಿದ್ದಿದ ಹೆಂಗಸನ್ನು ಹೀಗೆ ಆರು ತಿಂಗಳು ಸೋಫಾದ ಮೇಲೆ ಕೂರಿಸಿದ್ದೆವು. ಹಿಂದಿನ ಸಲ ಅವರು ಮೊಣಕಾಲು ನೋವೆಂದು ಹೇಳಿ ಎರಡು ತಿಂಗಳು ಮುಂಚೆಯೇ ಮೈಸೂರಿಗೆ ಹೊರಟುಬಿಟ್ಟರು. ನಾವು ಮೊಣಕಾಲಿಗೆ ಎಕ್ಸ್‌ರೇ ಬರೆದುಕೊಟ್ಟೆವು!

ಈ ಸಲ ಸಂಚಿಕೆಯ ಸಂಪಾದಕರು ಕರಡು ತಿದ್ದಲು ಯಾರೂ ಸಿಗುತ್ತಿಲ್ಲವೆಂದು ಅಲವತ್ತುಕೊಂಡಾಗ, ಬಾಯಿ ಜಾರಿ ನಮ್ಮ ತಾಯಿಯ ಹೆಸರು ಹೇಳಿದೆವು. ಈಗ ಊಟದ ಮೇಜಿನ ತುಂಬ ಹಾಳೆ. ಬೆಳಗಿನ ಕಾಫಿಯಾದ ಮೇಲೆ ಹನ್ನೊಂದರವರೆಗೆ ಯಾರೂ ಮಾತನಾಡಿಸುವಂತಿಲ್ಲ. ಸಂಪಾದಕರಿಗೆ ದಿನಕ್ಕೆರಡು ಸಲ ಫೋನ್ ಹೋಗುತ್ತದೆ, ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸ ತಿಳಿಯದವರಿಗೆ ಲೇಖನ ಬರೆಯಲು ಹೇಳಿದ್ದು ಯಾರು ಎಂದು. ಅವರು ಇಲ್ಲೇ ಇದ್ದಾರೆ, ನಗುತ್ತಿದ್ದಾರೆ, ಪಾಪ. ನಮ್ಮ ಈ ಭಾಷಣದ ಪ್ರತಿಯನ್ನೂ ನಿನ್ನೆ ರಾತ್ರಿ ಅಮ್ಮನ ಕೈಗೆ ಕೊಟ್ಟೆವು. ಹನ್ನೊಂದು ಕಡೆ ಕೆಂಪು ಗೆರೆ ಬಿದ್ದಿದೆ. ಚಪ್ಪಲಿಯ ವಿಷಯ ಬರೆದ ಕಡೆ ಗೆರೆ ಎಳೆದಿಲ್ಲ, ಇಸವಿಯನ್ನು ಮಾತ್ರ ಅಂಕಿಯಲ್ಲಿ ಬರೆಯಬಹುದಿತ್ತು ಎಂದು ಅಂಚಿನಲ್ಲಿ ಟಿಪ್ಪಣಿ ಹಾಕಿದ್ದಾರೆ.

ಊಟ ಸಿದ್ಧವಾಗಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ.